ಟೈಮಿಂಗ್ ಬೆಲ್ಟೂ ಮಾಲೀಕನ ಹಕ್ಕೂ

ಮನೆಯ ಮುಂದೆ ನಿಂತಿರುವ ಕಾರಿನ ಟೈಮಿಂಗ್ ಬೆಲ್ಟನ್ನು ಮಾಲೀಕನು ತಾನೇ ಬಿಚ್ಚಿ ಹೊಸದನ್ನು ಹಾಕಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಎತ್ತಿದೊಡನೆ ಎರಡು ಬಗೆಯ ಉತ್ತರಗಳು ಬರುತ್ತವೆ. ಗ್ಯಾರೇಜಿನವರು, 'ಸಾರ್, ಅದೊಂದಕ್ಕೆ ಮಾತ್ರ ಕೈ ಹಾಕಬೇಡಿ, ಒಂದು ಹಲ್ಲು ತಪ್ಪಿದರೆ ಎಂಜಿನ್ನೇ ಹೋಗುತ್ತೆ' ಎಂದು ಗಾಬರಿಪಡಿಸುವರು. ಸ್ವಂತ ಕೈಯಿಂದ ಒಂದೆರಡು ಸಲ ಮಾಡಿ ಗೆದ್ದು ಉತ್ಸಾಹಗೊಂಡಿರುವ ಹವ್ಯಾಸಿಗಳು, ಅದರಲ್ಲೇನಿದೆ, ಹತ್ತು ಬೋಲ್ಟು ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಏರಿಸುವುದು, ಒಂದು ಭಾನುವಾರದ ಕೆಲಸ ಎಂದು ಹಗುರವಾಗಿ ನುಡಿಯುವರು. ಮೊದಲನೆಯವರ ಮಾತಿನಲ್ಲಿ ಸತ್ಯದೊಡನೆ ವೃತ್ತಿಯ ಹಿತವೂ, ಎರಡನೆಯವರ ಮಾತಿನಲ್ಲಿ ಸತ್ಯದೊಡನೆ ಸ್ವಲ್ಪ ಹೆಮ್ಮೆಯೂ ಬೆರೆತಿರುವುದರಿಂದ ಎರಡನ್ನೂ ಸೋಸಿಯೇ ಸ್ವೀಕರಿಸತಕ್ಕದ್ದು. ನನ್ನ ಮಟ್ಟಿಗೆ ಹೇಳುವುದಾದರೆ, ಸರಳವಾದ ಎಂಜಿನ್ನಿನ ವಿಷಯದಲ್ಲಿ ತಾಳ್ಮೆಯುಳ್ಳ ಯಾವ ಸಾಮಾನ್ಯನಾದರೂ ಈ ಕೆಲಸವನ್ನು ಮಾಡಬಲ್ಲನು. ಅವನಿಗೆ ಅಡ್ಡಿಯಾಗಿರುವುದು ಕೆಲಸದ ಕಾಠಿಣ್ಯವೆನ್ನುವುದಕ್ಕಿಂತ, ಆ ಕೆಲಸಕ್ಕೆ ಅವಶ್ಯವಾದ ನಾಲ್ಕಾರು ಸಂಗತಿಗಳನ್ನು ಅವನ ಕಣ್ಣಿಗೆ ಬೀಳದಂತೆ ಇರಿಸಿರುವ ನಮ್ಮ ವ್ಯವಸ್ಥೆ.

ಬೆಲ್ಟೆಂಬುದು ನೋಡುವುದಕ್ಕೆ ತೀರ ಸಾಧಾರಣವಾದ ವಸ್ತು. ಹೆಬ್ಬೆರಳಿನಷ್ಟು ಅಗಲದ, ಒಳಮೈಯಲ್ಲಿ ಹಲ್ಲುಗಳುಳ್ಳ ಒಂದು ರಬ್ಬರಿನ ಪಟ್ಟಿ. ರಬ್ಬರಿನ ಗರ್ಭದಲ್ಲಿ ಗಾಜಿನ ನೂಲಿನ ಎಳೆಗಳು, ಹಲ್ಲುಗಳ ಮೇಲೆ ನೈಲಾನಿನ ತೆಳುವಾದ ಬಟ್ಟೆ. ಎಂಜಿನ್ನಿನ ತಳದಲ್ಲಿ ಪಿಸ್ಟನ್ನುಗಳ ಏರಿಳಿತವನ್ನು ಸುತ್ತುವಿಕೆಯನ್ನಾಗಿ ಪರಿವರ್ತಿಸುವ ಕ್ರ್ಯಾಂಕ್ ಶಾಫ್ಟಿಗೂ, ನೆತ್ತಿಯಲ್ಲಿ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟಿಗೂ ನಡುವೆ ಇರುವ ಏಕಮಾತ್ರ ಬಂಧನವೇ ಇದು. ಹೀರುವುದು, ಒತ್ತುವುದು, ಉರಿಸುವುದು, ಹೊರದೂಡುವುದು ಎಂಬ ನಾಲ್ಕು ಹಂತಗಳು ಮುಗಿಯುವಷ್ಟರಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮು ಒಂದೇ ಸುತ್ತು ತಿರುಗತಕ್ಕದ್ದು. ಆದಕಾರಣ ಮೇಲಿನ ಚಕ್ರಕ್ಕೆ ಕೆಳಗಿನ ಚಕ್ರದ ಎರಡರಷ್ಟು ಹಲ್ಲುಗಳು. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು 25 ಸಲ ಮುಚ್ಚುವುದು, ಮತ್ತು ಆ ಪ್ರತಿಯೊಂದು ತೆರವೂ ಪಿಸ್ಟನ್ನು ಎಲ್ಲಿರಬೇಕೋ ಅಲ್ಲಿರುವಾಗಲೇ ನಡೆಯುವುದು. ಗಂಟೆಗೆ 60 ಕಿಲೋಮೀಟರು ಓಡುವ ಕಾರಿನ ಎಂಜಿನ್ನು ನಿಮಿಷಕ್ಕೆ 2,500 ಸುತ್ತು ತಿರುಗುತ್ತದೆಂದು ಇಟ್ಟುಕೊಂಡರೆ, ಕಿಲೋಮೀಟರಿಗೆ 2,500ರಂತೆ, ಒಂದು ಲಕ್ಷ ಕಿಲೋಮೀಟರು ಮುಗಿಯುವ ವೇಳೆಗೆ ಈ ಬಡಪಾಯಿ ಪಟ್ಟಿ 25 ಕೋಟಿ ಸುತ್ತುಗಳ ಲೆಕ್ಕವನ್ನು ಒಂದು ಹಲ್ಲೂ ತಪ್ಪದೆ ಒಪ್ಪಿಸಿರುತ್ತದೆ. ಮನುಷ್ಯನ ಕೈಯಿಂದಾದ ವಸ್ತುಗಳಲ್ಲಿ ಇಷ್ಟೊಂದು ನಿಷ್ಠೆಯನ್ನು ಇಷ್ಟೊಂದು ಅಗ್ಗದಲ್ಲಿ ನೀಡುವಂಥವು ಬಹಳ ಇರಲಾರವು. ಸಣ್ಣ ಕಾರುಗಳ ಬೆಲ್ಟಿನ ಬೆಲೆ ಒಂದು ಟ್ಯಾಂಕು ಪೆಟ್ರೋಲಿನ ಬೆಲೆಗಿಂತ ಕಡಿಮೆ.

ಆದರೆ ಅದಕ್ಕೊಂದು ದೋಷ ಉಂಟು. ಅದು ಮುನ್ಸೂಚನೆ ಕೊಡದೆ ಸಾಯುತ್ತದೆ. ಬ್ರೇಕು ಸವೆದರೆ ಕಿರ್ರೆನ್ನುವುದು, ಟಯರು ಸವೆದರೆ ಕಣ್ಣಿಗೆ ಕಾಣುವುದು, ಬ್ಯಾಟರಿ ಸೋತರೆ ಬೆಳಗಿನ ಹೊತ್ತು ನರಳುವುದು. ಬೆಲ್ಟು ಮಾತ್ರ ಪ್ಲಾಸ್ಟಿಕ್ಕಿನ ಮುಚ್ಚಳದ ಹಿಂದೆ, ಕತ್ತಲಲ್ಲಿ, ಕೊನೆಯ ಸುತ್ತಿನವರೆಗೂ ಮೊದಲನೆಯ ಸುತ್ತಿನಷ್ಟೇ ಮೌನವಾಗಿ ತಿರುಗಿ ಒಂದು ಕ್ಷಣದಲ್ಲಿ ತುಂಡಾಗುತ್ತದೆ. ಅನೇಕ ಎಂಜಿನ್ನುಗಳಲ್ಲಿ ತೆರೆದ ವಾಲ್ವೂ ಮೇಲೇರಿದ ಪಿಸ್ಟನ್ನೂ ಒಂದೇ ಜಾಗವನ್ನು, ಒಂದೇ ಕೋಣೆಯನ್ನು ಹಗಲು ಒಬ್ಬರೂ ರಾತ್ರಿ ಒಬ್ಬರೂ ಬಾಡಿಗೆಗೆ ಹಿಡಿದಿರುವ ಹಾಗೆ, ಬೇರೆ ಬೇರೆ ವೇಳೆಗಳಲ್ಲಿ ಉಪಯೋಗಿಸುತ್ತವೆ. ವೇಳೆಯನ್ನು ಹಂಚಿಕೊಡುತ್ತಿದ್ದ ಬೆಲ್ಟು ಹರಿದೊಡನೆ ಅವೆರಡೂ ಎದುರಾಬದುರಾಗಿ ಡಿಕ್ಕಿ ಹೊಡೆಯುತ್ತವೆ. ಬಗ್ಗಿದ ವಾಲ್ವುಗಳು, ಹೆಡ್ಡನ್ನು ಇಳಿಸಿ ಲೇತ್ ಅಂಗಡಿಗೆ ಒಯ್ಯುವ ಖರ್ಚು, ಕೆಲವೊಮ್ಮೆ ಪಿಸ್ಟನ್ನಿನ ತಲೆಗೂ ಪೆಟ್ಟು, ಇವೆಲ್ಲ ಸೇರಿ ಬೆಲ್ಟಿನ ಬೆಲೆಯ ಹತ್ತಾರು ಪಟ್ಟು ಆಗುತ್ತದೆ. ಹಣದ ಮಾತು ಹಾಗಿರಲಿ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿಯೊಂದನ್ನು ದಾಟುತ್ತಿರುವ ನಡುವೆ ಎಂಜಿನ್ನು ನಿಂತುಹೋದರೆ, ಸ್ಟಿಯರಿಂಗು ಭಾರವಾಗಿ, ಬ್ರೇಕಿಗೆ ಎಂಜಿನ್ನು ಒದಗಿಸುತ್ತಿದ್ದ ಸಹಾಯವು ಒಂದೆರಡು ತುಳಿತಗಳಲ್ಲಿ ಬರಿದಾದರೆ, ಆಗ ಲೆಕ್ಕ ಹಾಕಬೇಕಾದದ್ದು ರೂಪಾಯಿಗಳನ್ನಲ್ಲ.

ನಮ್ಮ ದೇಶದಲ್ಲಿ ಈ ಬೆಲ್ಟಿನ ಬಗೆಗೆ ಇರುವ ಉದಾಸೀನಕ್ಕೆ ಒಂದು ಐತಿಹಾಸಿಕ ಕಾರಣವೂ ಇದೆಯೆಂದು ನನ್ನ ಊಹೆ. ಅಂಬಾಸಡರು, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಕೆಲಸವನ್ನು ಮಾಡುತ್ತಿದ್ದದ್ದು ಉಕ್ಕಿನ ಸರಪಳಿ. ಸರಪಳಿಗೆ ವಯಸ್ಸಾದರೆ ಅದು ಸಡಿಲಗೊಂಡು ಗಲಗಲನೆ ಸದ್ದು ಮಾಡುತ್ತಿತ್ತು. ಡ್ರೈವರು ಆ ಸದ್ದನ್ನು ಕೇಳಿ, 'ಚೈನ್ ಹೊಡೀತಿದೆ' ಎಂದು ಗ್ಯಾರೇಜಿಗೆ ಒಯ್ಯುತ್ತಿದ್ದನು. ಒಯ್ಯುವುದು ಆರು ತಿಂಗಳು ತಡವಾದರೂ ಸಾಮಾನ್ಯವಾಗಿ ಅನರ್ಥವೇನೂ ಆಗುತ್ತಿರಲಿಲ್ಲ. ಯೂರೋಪಿನಲ್ಲಿ ಅಷ್ಟರೊಳಗೆ ಗಾಳಿ ಬದಲಾಗಿತ್ತು. ಗೊಗ್ಗೊಮೊಬಿಲ್ ಎಂಬ ಪುಟಾಣಿ ಕಾರಿನಿಂದ ಹೆಸರಾಗಿದ್ದ, ಬವೇರಿಯಾದ ಡಿಂಗೊಲ್ಫಿಂಗ್ ಪಟ್ಟಣದ ಗ್ಲಾಸ್ ಎಂಬ ಸಂಸ್ಥೆ 1962ರಲ್ಲಿ ತನ್ನ 1004 ಮಾದರಿಯ ಕಾರಿನ ಕ್ಯಾಮನ್ನು ಹಲ್ಲುಳ್ಳ ರಬ್ಬರು ಬೆಲ್ಟಿನಿಂದ ತಿರುಗಿಸಿ, ಹಾಗೆ ಮಾಡಿದ ಕಾರುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಸಂಸ್ಥೆಗಳಲ್ಲಿ ಮೊದಲನೆಯದೆನಿಸಿತು. ನಾಲ್ಕೇ ವರ್ಷಗಳಲ್ಲಿ, ಅಂದರೆ 1966ರಲ್ಲಿ, ಆ ಸಂಸ್ಥೆಯನ್ನು ಬಿ.ಎಂ.ಡಬ್ಲ್ಯು. ಕೊಂಡುಕೊಂಡಿತು, ಸಂಸ್ಥೆ ಅಳಿದರೂ ಅದರ ಬೆಲ್ಟು ಲೋಕವ್ಯಾಪಿಯಾಯಿತು. ಸರಪಳಿಗಿಂತ ಹಗುರ, ಎಣ್ಣೆಯ ಸ್ನಾನ ಬೇಡ, ಸದ್ದಿಲ್ಲ, ತಯಾರಿಸಲು ಅಗ್ಗ, ಇನ್ನೇನು ಬೇಕು?

ಭಾರತಕ್ಕೆ ಇದು ದೊಡ್ಡ ಪ್ರಮಾಣದಲ್ಲಿ ಬಂದದ್ದು 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800ರ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನಿನೊಂದಿಗೆ. ಅದರ ನಂತರ ಝೆನ್ ಬಂದಿತು, 1998ರಲ್ಲಿ ಸ್ಯಾಂಟ್ರೋ ಬಂದಿತು, ಇಂಡಿಕಾ ಡೀಸೆಲ್ ಬಂದಿತು, ಇವೆಲ್ಲವೂ ಬೆಲ್ಟಿನವೇ. ಎಂಜಿನ್ನು ಬದಲಾಯಿತು, ಮಾಲೀಕನ ಕಿವಿ ಬದಲಾಗಲಿಲ್ಲ. ಸದ್ದು ಬಂದಾಗ ನೋಡಿಕೊಂಡರಾಯಿತು ಎಂಬ ಸರಪಳಿಯ ಕಾಲದ ಶಿಸ್ತನ್ನೇ ಅವನು ಸದ್ದು ಮಾಡುವ ಸ್ವಭಾವವೇ ಇಲ್ಲದ ಬೆಲ್ಟಿಗೂ ಅನ್ವಯಿಸಿದನು. ಆಯುಧಪೂಜೆಯ ದಿನ ಕಾರನ್ನು ತೊಳೆದು, ಚೆಂಡುಹೂವಿನ ಮಾಲೆ ಕಟ್ಟಿ, ಬೂದುಗುಂಬಳ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಭಕ್ತಿಯಿಂದ ಕೈಮುಗಿಯುವ ನಮ್ಮಲ್ಲಿ, ಬಾನೆಟ್ಟನ್ನು ಎತ್ತಿ ಬೆಲ್ಟಿನ ವಯಸ್ಸೆಷ್ಟೆಂದು ವಿಚಾರಿಸುವವರು ವಿರಳ. ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ. ಯಂತ್ರವು ತನ್ನ ಆಯುಸ್ಸನ್ನು ಪಂಚಾಂಗದಿಂದಲ್ಲದೆ ಕಿಲೋಮೀಟರಿನ ಲೆಕ್ಕದಿಂದಲೂ ವರ್ಷದ ಲೆಕ್ಕದಿಂದಲೂ ಅಳೆಯುತ್ತದೆ ಎಂಬುದನ್ನು ನೆನಪಿಸುತ್ತಿದ್ದೇನೆ ಅಷ್ಟೆ. ತಯಾರಕರು ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರುಗಳ ಒಂದು ಗಡಿಯನ್ನೂ, ಅದರೊಡನೆ ಇಷ್ಟು ವರ್ಷಗಳೆಂಬ ಇನ್ನೊಂದು ಗಡಿಯನ್ನೂ ಹಾಕಿ, ಯಾವುದು ಮೊದಲು ಬರುತ್ತದೆಯೋ ಆಗ ಬದಲಾಯಿಸಿರೆಂದು ವಿಧಿಸುವರು. ವರ್ಷದ ಗಡಿಯೇ ನಮ್ಮವರು ಮರೆಯುವಂಥದು. ವಾರಕ್ಕೊಮ್ಮೆ ದೇವಸ್ಥಾನಕ್ಕೂ ತಿಂಗಳಿಗೊಮ್ಮೆ ಊರಿಗೂ ಹೋಗುವ ನಿವೃತ್ತರ ಕಾರು ಹನ್ನೆರಡು ವರ್ಷಗಳಲ್ಲಿ ಮೂವತ್ತೇ ಸಾವಿರ ಓಡಿದ್ದರೂ, ರಬ್ಬರು ಬಿಸಿಲಿಗೂ ಎಂಜಿನ್ನಿನ ಕಾವಿಗೂ ಒಣಗಿ ಬಿರಿಯುವುದನ್ನು ನಿಲ್ಲಿಸುವುದಿಲ್ಲ.

ಇನ್ನು ಕೆಲಸದ ವಿಚಾರ. ಸ್ಯಾಂಟ್ರೋ, ಝೆನ್, ಹಳೆಯ ಆಲ್ಟೋಗಳಂಥ ಒಂದೇ ಕ್ಯಾಮಿನ ಸಣ್ಣ ಎಂಜಿನ್ನನ್ನು ಕಣ್ಣ ಮುಂದೆ ಇರಿಸಿಕೊಂಡು ಹೇಳುತ್ತೇನೆ. ವಿವರದಲ್ಲಿ ಒಂದೊಂದರದು ಒಂದೊಂದು ರೀತಿಯಾದರೂ ಮರ್ಯಾದೆ ಒಂದೇ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಕಾರನ್ನು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ನು ಪೂರ್ತಿ ತಣ್ಣಗಾಗುವವರೆಗೆ ಕಾದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಬೆಲ್ಟಿರುವ ಬದಿಯ ಮುಂದಿನ ಚಕ್ರವನ್ನು ತೆಗೆಯಬೇಕಾಗುವುದರಿಂದ ಕಾರನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕಿನ ನಂಬಿಕೆಯ ಮೇಲೆ ಕಾರಿನ ಕೆಳಗೆ ತಲೆಯಿಡುವವನಿಗೆ ಬೆಲ್ಟಿನ ಕುರಿತಾದ ಈ ಲೇಖನದಿಂದ ಯಾವ ಪ್ರಯೋಜನವೂ ಇಲ್ಲ. ಕೆಲವು ಕಾರುಗಳಲ್ಲಿ ಬೆಲ್ಟಿನ ದಾರಿಗೆ ಅಡ್ಡವಾಗಿ ಎಂಜಿನ್ ಮೌಂಟಿಂಗ್ ಇರುತ್ತದೆ. ಆಗ ಎಣ್ಣೆಯ ಸಂಪಿನ ಅಡಿಗೆ ಮರದ ಹಲಗೆಯಿಟ್ಟು ಇನ್ನೊಂದು ಜಾಕಿನಿಂದ ಎಂಜಿನ್ನಿನ ಭಾರವನ್ನು ಹೊತ್ತುಕೊಂಡ ಮೇಲೆಯೇ ಆ ಬೋಲ್ಟುಗಳಿಗೆ ಸ್ಪ್ಯಾನರು ಹಾಕತಕ್ಕದ್ದು.

ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದುಬಿಟ್ಟರೆ ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಹಗುರವಾಗುತ್ತದೆ. ಕ್ರ್ಯಾಂಕಿನ ಬೋಲ್ಟಿಗೆ ಸಾಕೆಟ್ಟನ್ನು ಹಾಕಿ, ಎಂಜಿನ್ನು ಯಾವ ದಿಕ್ಕಿನಲ್ಲಿ ಸಹಜವಾಗಿ ತಿರುಗುವುದೋ ಆ ದಿಕ್ಕಿನಲ್ಲಿಯೇ ಮೆಲ್ಲನೆ ತಿರುಗಿಸುತ್ತ, ಒಂದನೆಯ ಸಿಲಿಂಡರಿನ ಪಿಸ್ಟನ್ನು ಒತ್ತುವ ಹಂತದ ತುತ್ತತುದಿಗೆ ಬರುವಂತೆ ಮಾಡುವುದು ಈ ಕಾರ್ಯದ ಮಂಗಳಾರಂಭ. ಆ ಬಳಿಕ ಆಲ್ಟರ್ನೇಟರಿನ ಬೆಲ್ಟು, ಕ್ರ್ಯಾಂಕಿನ ಪುಲ್ಲಿ, ಪ್ಲಾಸ್ಟಿಕ್ಕಿನ ಮುಚ್ಚಳಗಳು ಕ್ರಮವಾಗಿ ಹೊರಬರುವವು. ಬಿಚ್ಚಿದ ಬೋಲ್ಟುಗಳನ್ನು ಡಬ್ಬಿಯೊಂದಕ್ಕೆ ಸುರಿಯುವ ಬದಲು, ಒಂದು ರಟ್ಟಿನ ಮೇಲೆ ಎಂಜಿನ್ನಿನ ಮುಖದ ಚಿತ್ರವನ್ನು ಒರಟಾಗಿ ಬರೆದು, ಯಾವುದು ಎಲ್ಲಿಂದ ಬಂದಿತೋ ಅಲ್ಲಿಯೇ ಚುಚ್ಚಿಡುವ ಪದ್ಧತಿಯನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಎರಡು ಬೋಲ್ಟುಗಳ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅದು ಸಂಜೆಯ ಹೊತ್ತಿಗೆ ನೆನಪಿನಲ್ಲಿ ಉಳಿಯುವುದಿಲ್ಲ. ಪುಲ್ಲಿಯ ನಡುಬೋಲ್ಟು ಅನೇಕ ವೇಳೆ ಜಗ್ಗದು. ಅದನ್ನು ಸಡಿಲಿಸುವುದಕ್ಕೆ ಉದ್ದನೆಯ ಹಿಡಿಯನ್ನು ನೆಲಕ್ಕೆ ಆನಿಸಿ ಸ್ಟಾರ್ಟರನ್ನು ಒಮ್ಮೆ ಒತ್ತುವ ಒಂದು ಉಪಾಯವನ್ನು ಕೆಲವರು ಹೇಳಿಕೊಡುವರು. ಆ ಉಪಾಯದಿಂದ ಬೋಲ್ಟು ಸಡಿಲಾಗುವುದೂ ಉಂಟು, ಮುಂಗೈ ಮುರಿಯುವುದೂ ಉಂಟು. ಪುಲ್ಲಿಯನ್ನು ಹಿಡಿದು ನಿಲ್ಲಿಸುವ ಸಲಕರಣೆಯನ್ನು ಬಾಡಿಗೆಗೋ ಎರವಲಿಗೋ ತರುವುದು ಲೇಸು.

ಮುಚ್ಚಳ ತೆಗೆದ ಮೇಲೆ ಕಾಣುವ ದೃಶ್ಯದ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಬೇಕು. ಮೇಲೆ ದೊಡ್ಡ ಚಕ್ರ, ಕೆಳಗೆ ಚಿಕ್ಕ ಚಕ್ರ, ನಡುವೆ ಬೆಲ್ಟನ್ನು ಬಿಗಿಹಿಡಿದಿರುವ ಟೆನ್ಷನರ್ ಎಂಬ ಉರುಳೆ; ಚಕ್ರಗಳ ಅಂಚಿನಲ್ಲಿ ತಯಾರಕನು ಕೊರೆದಿರುವ ಸಣ್ಣ ಗುರುತುಗಳು, ಅವುಗಳಿಗೆ ಎದುರಾಗಿ ಎಂಜಿನ್ನಿನ ಮೈಮೇಲೆ ಇನ್ನೆರಡು ಗುರುತುಗಳು. ಇವು ಪರಸ್ಪರ ನೇರವಾಗಿ ನಿಂತಿವೆಯೇ ಎಂಬುದೇ ಇಡೀ ವಿದ್ಯೆಯ ಸಾರ. ಕ್ಯಾಮಿನ ಚಕ್ರಕ್ಕೆ 40 ಹಲ್ಲುಗಳಿದ್ದರೆ ಒಂದು ಹಲ್ಲಿನ ತಪ್ಪು ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ. ಇಷ್ಟರಿಂದಲೇ ಕಾರು ಏರಿನಲ್ಲಿ ಏದುಸಿರು ಬಿಡಲು ತೊಡಗುವುದು, ಪೆಟ್ರೋಲು ಹೆಚ್ಚು ಕುಡಿಯುವುದು. ಎರಡು ಮೂರು ಹಲ್ಲು ತಪ್ಪಿದರೆ ವಾಲ್ವೂ ಪಿಸ್ಟನ್ನೂ ಭೇಟಿಯಾಗುವ ಸಂಭವ ಉಂಟು. ಆದುದರಿಂದ ಹಳೆಯ ಬೆಲ್ಟನ್ನು ಸಡಿಲಿಸುವ ಮೊದಲು ಫೋಟೋ ತೆಗೆದುಕೊಳ್ಳುವುದೂ, ಗುರುತುಗಳಿಗೆ ಬಿಳಿಯ ಬಣ್ಣ ಹಚ್ಚುವುದೂ ಜಾಣತನ; ಬಣ್ಣಕ್ಕಾಗಿ ಅಂಗಡಿಗೆ ಹೋಗಬೇಕಾಗಿಲ್ಲ, ಮನೆಯಲ್ಲಿರುವ ಉಗುರುಬಣ್ಣದ ಶೀಸೆ, ಅದರ ಒಡತಿಯ ಅನುಮತಿ ದೊರೆತಲ್ಲಿ, ಧಾರಾಳವಾಗಿ ಸಾಕು. ಆದರೆ ಹಿಂದೆ ಬೆಲ್ಟು ಹಾಕಿದವನೇ ಹಲ್ಲು ತಪ್ಪಿಸಿದ್ದಿರಬಹುದು ಎಂಬ ಸಂಶಯವನ್ನು ಬಿಡಬಾರದು. ನಾವು ಹಚ್ಚಿದ ಬಣ್ಣವು ಸಾಕ್ಷಿಯಷ್ಟೆ. ಪ್ರಮಾಣವೆಂದರೆ ತಯಾರಕನ ಗುರುತು.

ಹೊಸ ಬೆಲ್ಟನ್ನು ಕೈಯಲ್ಲಿ ಹಿಡಿಯುವ ರೀತಿಗೂ ಒಂದು ಮರ್ಯಾದೆಯಿದೆ. ಅದನ್ನು ಮಡಿಸಬಾರದು, ಹಿಂಡಬಾರದು, ತಿರುಚಬಾರದು, ಸ್ಕ್ರೂಡ್ರೈವರಿನಿಂದ ಮೀಟಿ ಚಕ್ರದ ಮೇಲೆ ಏರಿಸಬಾರದು. ರಬ್ಬರು ಬಳುಕಿದರೂ ಒಳಗಿನ ಗಾಜಿನ ಎಳೆಗಳು ಒಡೆದುಹೋಗುತ್ತವೆ, ಮತ್ತು ಒಡೆದದ್ದು ಹೊರಗೆ ಕಾಣಿಸುವುದಿಲ್ಲ. ಎಣ್ಣೆಯ ಕೈ ಸೋಕಬಾರದು. ಹಳೆಯ ಬೆಲ್ಟಿನ ಮೇಲೆ ಎಣ್ಣೆಯ ಪಸೆ ಕಂಡರೆ ಕ್ಯಾಮಿನದೋ ಕ್ರ್ಯಾಂಕಿನದೋ ಆಯಿಲ್ ಸೀಲು ಸೋರುತ್ತಿದೆಯೆಂದು ಅರ್ಥ. ಅದನ್ನು ಹಾಗೆಯೇ ಬಿಟ್ಟು ಹೊಸ ಬೆಲ್ಟನ್ನು ಹಾಕುವುದು ಹೊಸ ಬೆಲ್ಟನ್ನು ಕೊಂದಂತೆಯೇ. ಟೆನ್ಷನರಿನ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡಬೇಕು. ಗರಗರವೆಂದರೆ, ಅಥವಾ ಹಳೆಯದೆಂಬ ಅನುಮಾನವಿದ್ದರೆ, ಅದೂ ಹೊಸದಾಗತಕ್ಕದ್ದು. ಅನೇಕ ಎಂಜಿನ್ನುಗಳಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟು ತಿರುಗಿಸುವುದರಿಂದ ಅಂಥಲ್ಲಿ ಪಂಪನ್ನೂ ಜೊತೆಗೇ ಬದಲಾಯಿಸುವುದು ವಿವೇಕ. ಆರು ತಿಂಗಳ ನಂತರ ಪಂಪಿಗಾಗಿ ಇದೇ ಮುಚ್ಚಳಗಳನ್ನು ಮತ್ತೆ ಬಿಚ್ಚುವುದರಲ್ಲಿ ಉಳಿತಾಯವೇನೂ ಇಲ್ಲ.

ಬೆಲ್ಟು ಏರಿದ ಮೇಲೆ ಟೆನ್ಷನರನ್ನು ಬಿಟ್ಟು ಬಿಗಿ ಕೊಟ್ಟು, ಸ್ಟಾರ್ಟರಿನ ಕಡೆಗೆ ಕೈ ಹೋಗುವ ಮೊದಲು, ಕ್ರ್ಯಾಂಕನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸತಕ್ಕದ್ದು. ಎರಡು ಸುತ್ತಿಗೆ ಕ್ಯಾಮು ಒಂದು ಸುತ್ತು ಮುಗಿಸಿ ಗುರುತುಗಳೆಲ್ಲ ಮತ್ತೆ ತಮ್ಮ ತಮ್ಮ ಸ್ಥಾನಕ್ಕೆ ಬರಬೇಕು. ಬಂದರೆ ಕೆಲಸ ಸರಿ. ನಡುವೆ ಎಲ್ಲಿಯಾದರೂ ಗಟ್ಟಿಯಾದ ತಡೆ ಸಿಕ್ಕಿದರೆ ಬಲ ಹಾಕದೆ ನಿಲ್ಲಿಸಿ ಮೊದಲಿನಿಂದ ಆರಂಭಿಸಬೇಕು. ಈ ಎರಡು ಸುತ್ತುಗಳಿಗೆ ಹಿಡಿಯುವುದು ಒಂದೆರಡು ನಿಮಿಷ, ಆದರೂ ಬಿಡತಕ್ಕವರು ಬಿಡುವುದು ಇದನ್ನೇ. ಕೊನೆಗೆ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ತಯಾರಕನು ಹೇಳಿರುವ ಅಳತೆಗೆ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಬಿಗಿಯಬೇಕು.

ಇಷ್ಟೇ. ಮೇಲೆ ಹೇಳಿದ ಯಾವ ಹಂತದಲ್ಲಿಯೂ ಅಸಾಧಾರಣವಾದ ಕೈಚಳಕ ಬೇಕಾಗಿಲ್ಲ. ಬೇಕಾದದ್ದು ಅವಸರಪಡದಿರುವ ಸ್ವಭಾವ. ಈ ಒಂದು ಗುಣದಲ್ಲಿ ಮನೆಯಲ್ಲಿ ಕೆಲಸ ಮಾಡುವವನಿಗೆ ಗ್ಯಾರೇಜಿನವನಿಗಿಂತ ಅನುಕೂಲ ಹೆಚ್ಚು. ಗ್ಯಾರೇಜಿನವನ ಹಿಂದೆ ಇನ್ನೂ ನಾಲ್ಕು ಕಾರುಗಳು ನಿಂತಿರುತ್ತವೆ, ಮಾಲೀಕರು ಫೋನಿನ ಮೇಲೆ ಫೋನು ಮಾಡುತ್ತಿರುತ್ತಾರೆ. ಮನೆಯವನ ಹಿಂದೆ ಇರುವುದು ಆರುತ್ತಿರುವ ಕಾಫಿ ಮಾತ್ರ. ಹೀಗೆಂದ ಮಾತ್ರಕ್ಕೆ ನಾನು ರಸ್ತೆಬದಿಯ ಮೆಕ್ಯಾನಿಕ್ಕನ್ನು ಹಗುರವಾಗಿ ಕಾಣುತ್ತಿದ್ದೇನೆಂದು ಯಾರೂ ಭಾವಿಸಬಾರದು. ಹನ್ನೆರಡನೆಯ ವಯಸ್ಸಿನಲ್ಲಿ ಟೀ ತರುವ ಹುಡುಗನಾಗಿ ಸೇರಿ, ಗುರುವಿನ ಬೈಗುಳದ ನಡುವೆ ವಿದ್ಯೆ ಕಲಿತು, ಟಾರ್ಕ್ ರೆಂಚು ತೋರಿಸುವ ಅಂಕಿಯನ್ನು ಮಣಿಕಟ್ಟಿನಿಂದಲೇ ಅಂದಾಜು ಮಾಡಬಲ್ಲ ಆ ಮೇಸ್ತ್ರಿಗಳಿಗೆ ನಮ್ಮ ಸಂಚಾರ ಲೋಕವೇ ಋಣಿಯಾಗಿದೆ. ಆದರೆ ಹೊಸ ಹೊಸ ಎಂಜಿನ್ನುಗಳ ಮುಂದೆ ಆ ಮೇಸ್ತ್ರಿಯ ಪಾಡೂ ಮನೆಯ ಹವ್ಯಾಸಿಯ ಪಾಡಿಗಿಂತ ಭಿನ್ನವಾಗಿಲ್ಲ: ಇಬ್ಬರಿಗೂ ಗುರುತು ಎಲ್ಲಿದೆಯೆಂಬುದನ್ನು ಹೇಳುವ ಪುಸ್ತಕ ಇಲ್ಲ.

ಎಲ್ಲ ಎಂಜಿನ್ನುಗಳೂ ಮನೆಯಂಗಳಕ್ಕೆ ತಕ್ಕವಲ್ಲ ಎಂಬುದನ್ನು ಒಪ್ಪಿಯೇ ಈ ಮಾತನ್ನು ಮುಂದುವರಿಸಬೇಕು. ಕ್ಯಾಮನ್ನೂ ಕ್ರ್ಯಾಂಕನ್ನೂ ಪಿನ್ನುಗಳಿಂದ ಬಂಧಿಸಿಟ್ಟು ಹೊಂದಿಸಬೇಕಾದ ಡೀಸೆಲ್ ಎಂಜಿನ್ನುಗಳಿವೆ. ಡಸ್ಟರ್ ಮೊದಲಾದ ಕಾರುಗಳಲ್ಲಿ ಬಂದ 1.5 ಲೀಟರಿನ ಡೀಸೆಲ್ ಈ ಜಾತಿಯದು. ಬೆಲ್ಟನ್ನು ಎಂಜಿನ್ ಆಯಿಲಿನಲ್ಲಿಯೇ ಮುಳುಗಿಸಿಟ್ಟಿರುವ ಇತ್ತೀಚಿನ ಪೆಟ್ರೋಲ್ ಎಂಜಿನ್ನುಗಳಂತೂ, ಆ ಬೆಲ್ಟು ಸವೆದು ಅದರ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಿದ ಪ್ರಕರಣಗಳಿಂದ ಯೂರೋಪಿನಲ್ಲಿ ಸಾಕಷ್ಟು ಅಪಕೀರ್ತಿಯನ್ನು ಗಳಿಸಿವೆ. ಅವುಗಳಿಗೆ ಕೈ ಹಚ್ಚುವುದು ತರಬೇತಾದವರಿಗೆ ಬಿಟ್ಟ ವಿಷಯ. ಇನ್ನು ಈಚಿನ ಅನೇಕ ಸಣ್ಣ ಕಾರುಗಳಿಗೆ ಸರಪಳಿಯೇ ಮರಳಿ ಬಂದಿರುವುದರಿಂದ ಅವುಗಳ ಮಾಲೀಕರಿಗೆ ಈ ಚಿಂತೆಯೇ ಇಲ್ಲ. ಚಿಂತೆ ಇರುವುದು ನಮ್ಮ ರಸ್ತೆಗಳಲ್ಲಿ ಮೂರನೆಯ, ನಾಲ್ಕನೆಯ ಮಾಲೀಕನ ಕೈಯಲ್ಲಿ ಓಡುತ್ತಿರುವ ಹಳೆಯ ಬೆಲ್ಟಿನ ಕಾರುಗಳದು. ಮತ್ತು ಅಂಥ ಕಾರುಗಳ ಮಾಲೀಕರೇ ಕಂಪನಿಯ ವರ್ಕ್‌ಶಾಪಿನ ಬಿಲ್ಲನ್ನು ಭರಿಸಲಾರದವರು.

ಹಿಂದಿನ ಕಾಲದ ಕಾರಿನೊಡನೆ ಬರುತ್ತಿದ್ದ ಕೈಪಿಡಿಯಲ್ಲಿ ಟ್ಯಾಪೆಟ್ಟಿನ ಸಂದನ್ನು ಹೊಂದಿಸುವ ಬಗೆಯನ್ನು ಮಾಲೀಕನಿಗೆ ವಿವರಿಸಲಾಗಿರುತ್ತಿತ್ತು. ಈಗಿನ ಕೈಪಿಡಿಯಲ್ಲಿ ಫೋನನ್ನು ಬ್ಲೂಟೂತಿಗೆ ಜೋಡಿಸುವ ಬಗೆಯನ್ನು ಹತ್ತು ಪುಟಗಳಲ್ಲಿ ಬೋಧಿಸಿ, ಎಂಜಿನ್ನಿನ ವಿಷಯಕ್ಕೆ ಬಂದಾಗ ಡೀಲರನ್ನು ಸಂಪರ್ಕಿಸಿರಿ ಎಂಬ ಒಂದೇ ವಾಕ್ಯದಿಂದ ಬಾಯಿ ಮುಚ್ಚಿಸುವರು. ಇಂಗ್ಲೆಂಡಿನಲ್ಲಿ ಜಾನ್ ಹೇನ್ಸ್ ಎಂಬಾತನು ಕಾರೊಂದನ್ನು ಪೂರ್ತಿಯಾಗಿ ಬಿಚ್ಚಿ, ಮತ್ತೆ ಜೋಡಿಸಿ, ಹಂತ ಹಂತಕ್ಕೂ ಚಿತ್ರ ತೆಗೆದು, ಸಾಮಾನ್ಯ ಓದುಗನಿಗೆಂದು 1966ರಿಂದ ಮೊದಲ್ಗೊಂಡು ಹೊರತಂದ ಕೈಪಿಡಿಗಳು ಅಲ್ಲಿನ ಮಧ್ಯಮವರ್ಗದ ಮನೆಗಳಲ್ಲಿ ಗ್ರೀಸಿನ ಬೆರಳಚ್ಚುಗಳಿಂದ ಅಲಂಕೃತವಾಗಿ ನೆಲೆಸಿದವು. ಮೋಟಾರು ಕಾರ್ಖಾನೆಯೊಂದರ ಕನಸನ್ನು 1930ರ ದಶಕದಷ್ಟು ಹಿಂದೆಯೇ ಕಂಡು ಯೋಜನೆ ಸಿದ್ಧಪಡಿಸಿದ್ದ ವಿಶ್ವೇಶ್ವರಯ್ಯನವರ ನಾಡಿನಲ್ಲಿ, ಇಲ್ಲಿ ಮಾರಾಟವಾಗುವ ಪ್ರತಿಯೊಂದು ಮಾದರಿಗೂ ಅಂಥದೊಂದು ಕೈಪಿಡಿ ಕನ್ನಡದಲ್ಲಿ ಬೇಕೆಂದು ಕೇಳುವುದು ಅತ್ಯಾಶೆಯೇ? ಐ.ಟಿ.ಐ.ಯಲ್ಲಿ ಓದುವ ಹುಡುಗನಿಗೂ, ಶಿವಾಜಿನಗರದ ಮೇಸ್ತ್ರಿಗೂ, ಭಾನುವಾರದ ಹವ್ಯಾಸಿಗೂ ಅದು ಸಮಾನವಾಗಿ ಉಪಯುಕ್ತವಾಗುವುದು.

ಇದು ಬರಿಯ ಹವ್ಯಾಸಿಯ ಗೊಣಗಾಟವಲ್ಲ. ಬಿಡಿಭಾಗಗಳನ್ನೂ, ದುರಸ್ತಿಯ ಸಲಕರಣೆಗಳನ್ನೂ, ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯಗೊಡದೆ ಮಾಲೀಕನನ್ನು ತಮ್ಮ ಡೀಲರುಗಳ ಬಾಗಿಲಿಗೇ ಕಟ್ಟಿಹಾಕಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕರ ಮೇಲೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಮಿಕ್ಕ ದಂಡವನ್ನು ವಿಧಿಸಿತು. ಮೇಲ್ಮನವಿಗಳು ನಡೆದವು, ಕಾನೂನಿನ ದಾರಿ ಎಂದಿನಂತೆ ಉದ್ದವಾಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗೆಗೆ ಸಮಿತಿಯನ್ನು ನೇಮಿಸಿ, ಕೃಷಿ ಸಲಕರಣೆ, ಮೊಬೈಲು, ಗೃಹೋಪಯೋಗಿ ಯಂತ್ರಗಳೊಡನೆ ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿ, ಆ ವರ್ಷದ ಡಿಸೆಂಬರ್ 24ರಂದು ಜಾಲತಾಣವೊಂದನ್ನೂ ತೆರೆಯಿತು. ಉದ್ದೇಶ ಸ್ತುತ್ಯವೇ. ಆದರೆ ಸ್ವಇಚ್ಛೆಯಿಂದ ಸೇರಿರೆಂದು ತಯಾರಕರನ್ನು ಕೇಳಿಕೊಳ್ಳುವುದು ಬೇರೆ, ಬೆಲ್ಟಿನ ಗಡಿ, ಗುರುತಿನ ಚಿತ್ರ, ಬೋಲ್ಟುಗಳ ಬಿಗಿಯ ಅಳತೆ ಇವಿಷ್ಟನ್ನು ಪ್ರಕಟಿಸದೆ ಕಾರನ್ನು ಮಾರಕೂಡದೆಂದು ವಿಧಿಸುವುದು ಬೇರೆ. ಎರಡನೆಯದು ಆಗಬೇಕು. ಮಾಹಿತಿ ಬಹಿರಂಗವಾದರೆ ಅರಿಯದವರು ಕೈಹಾಕಿ ಕೆಡಿಸುವರೆಂದು ಆಕ್ಷೇಪಿಸುವವರಿದ್ದಾರೆ. ಅರಿಯದವರು ಈಗಲೂ ಕೈಹಾಕುತ್ತಿದ್ದಾರೆ, ಸರಿಯಾದ ಮಾಹಿತಿಯಿಲ್ಲದೆ, ಕೆಡುವುದು ಅದರಿಂದಲೇ. ಇನ್ನು ಕೆಲವು ವರ್ಷಗಳಲ್ಲಿ ವಿದ್ಯುತ್ ಕಾರುಗಳು ಬಂದು ಬೆಲ್ಟೇ ಇಲ್ಲವಾಗುವಾಗ ಈ ಜಗಳವೇಕೆ ಎನ್ನುವವರಿಗೆ ಹೇಳಬೇಕಾದದ್ದು ಇಷ್ಟೆ: ಆ ಕಾರುಗಳ ಒಳಗು ಇನ್ನೂ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ, ಇಂದು ಬೆಲ್ಟಿನ ವಿಷಯದಲ್ಲಿ ಬಿಟ್ಟುಕೊಟ್ಟವರು ನಾಳೆ ಬ್ಯಾಟರಿಯ ವಿಷಯದಲ್ಲಿ ಏನನ್ನೂ ಕೇಳಲಾರರು.

ತಯಾರಕರಿಂದ ಇದು ಆಗದ ಕೆಲಸವೇನಲ್ಲ ಎಂಬುದಕ್ಕೆ ನಿದರ್ಶನ ಕಣ್ಣೆದುರಿಗೇ ಇದೆ. ಟೊಯೋಟಾ ತನ್ನ ಕೆಲವು ಡೀಸೆಲ್ ವಾಹನಗಳಲ್ಲಿ, ಬೆಲ್ಟಿನ ಗಡಿ ಬಂದಾಗ ಡ್ರೈವರನ ಕಣ್ಣ ಮುಂದೆಯೇ ಹತ್ತುವ 'ಟಿ-ಬೆಲ್ಟ್' ಎಂಬ ದೀಪವನ್ನು ಇರಿಸಿದೆ. ಸದ್ದಿಲ್ಲದ ಬೆಲ್ಟಿಗೆ ಹೀಗೆ ಒಂದು ಮಾತನ್ನು ಒದಗಿಸುವುದಕ್ಕೆ ತಗಲುವ ಖರ್ಚು ಒಂದು ಪುಟ್ಟ ಬಲ್ಬಿನದು. ಸೀಟಿನ ಪಟ್ಟಿ ಕಟ್ಟದಿದ್ದರೆ ಅರಚುವ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅರಚುವ ಕಾರುಗಳು ಎಂಜಿನ್ನನ್ನೇ ನುಂಗಿಹಾಕುವ ಅಪಾಯದ ಬಗೆಗೆ ಮೌನವಾಗಿರುವುದನ್ನು ನಾವು ಇಷ್ಟು ವರ್ಷ ಸಹಿಸಿಕೊಂಡದ್ದೇ ಆಶ್ಚರ್ಯ.

ಬಿಡಿಭಾಗ ಕೊಳ್ಳುವವರಿಗೆ ಒಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಪೇಟೆಗಳಲ್ಲಿ ದೊರೆಯದ ಬೆಲ್ಟಿಲ್ಲ. ಆದರೆ ಹೆಸರಾಂತ ತಯಾರಕರ ಡಬ್ಬಿಯನ್ನೇ ಹೋಲುವ ಡಬ್ಬಿಯಲ್ಲಿ ನಕಲಿ ಮಾಲು ಕುಳಿತಿರುವುದೂ ಅಪೂರ್ವವಲ್ಲ. ಎಲ್ಲದರಲ್ಲಿಯೂ ಚೌಕಾಸಿ ಮಾಡುವ ಹಕ್ಕು ನಮಗುಂಟು, ಬೆಲ್ಟಿನಲ್ಲಿ ಮಾತ್ರ ಮಾಡದಿರುವುದು ಕ್ಷೇಮ. ಬಿಲ್ಲು ಕೊಡದ ಅಂಗಡಿಯಿಂದ ಕೊಳ್ಳಬೇಡಿರಿ. ಎಂಜಿನ್ನಿನ ಮಾದರಿಯನ್ನು ಬರೆದುಕೊಂಡು ಹೋಗಿ ಹಲ್ಲುಗಳ ಸಂಖ್ಯೆಯನ್ನು ಹಳೆಯ ಬೆಲ್ಟಿನೊಡನೆ ತಾಳೆ ನೋಡಿರಿ.

ಕಾರನ್ನು ಮಾರುವವರಿಗೆ ಇನ್ನೊಂದು ಮಾತು. ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಬಣ್ಣ, ಟಯರು, ವಿಮೆ, ಸೀಟಿನ ಕವರು ಎಲ್ಲದರ ಪ್ರಸ್ತಾಪವೂ ಬರುವುದು, ಬೆಲ್ಟಿನ ಪ್ರಸ್ತಾಪವೊಂದು ಬರುವುದಿಲ್ಲ. ಮೊದಲನೆಯ ಮಾಲೀಕನಿಗೆ ತಿಳಿದಿದ್ದ ತಾರೀಕು ಎರಡನೆಯವನಿಗೆ ಅಸ್ಪಷ್ಟವಾಗಿ, ಮೂರನೆಯವನಿಗೆ ಪೂರ್ತಿಯಾಗಿ ಇಲ್ಲವಾಗುವುದು. ಬೆಲ್ಟು ಬದಲಾಯಿಸಿದ ದಿನವೇ, ಮನೆಯಲ್ಲಿ ಮಾಡಿದ್ದಾಗಲಿ ಗ್ಯಾರೇಜಿನಲ್ಲಿ ಮಾಡಿಸಿದ್ದಾಗಲಿ, ತಾರೀಕನ್ನೂ ಕಿಲೋಮೀಟರನ್ನೂ ಚೀಟಿಯಲ್ಲಿ ಬರೆದು ಬೆಲ್ಟಿನ ಮುಚ್ಚಳದ ಮೇಲೆ ಅಂಟಿಸುವ ಪದ್ಧತಿಯನ್ನು ಕನಿಷ್ಠ ನಮ್ಮಲ್ಲಿ ನಾವಾದರೂ ಆರಂಭಿಸೋಣ. ಹಳೆಯ ಕಾರನ್ನು ಕೊಂಡಿರುವ ಓದುಗರು ಅದು ಬೆಲ್ಟಿನದೋ ಸರಪಳಿಯದೋ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಲಿ. ಬೆಲ್ಟಿನದಾಗಿದ್ದು, ಅದು ಎಂದು ಬದಲಾಯಿತೆಂಬುದಕ್ಕೆ ಬರಹದ ಆಧಾರವಿಲ್ಲದಿದ್ದರೆ, ಬದಲಾಗಿಯೇ ಇಲ್ಲವೆಂದು ಎಣಿಸಿ, ಮುಂದಿನ ದೂರಪ್ರಯಾಣಕ್ಕೆ ಮೊದಲು ಬದಲಾಯಿಸಿರಿ.